ಬೋರ್ಡಣ್ಣನ ಹನ್ನೆರಡನೆಯ ಕಾರಣ

ಬೋರ್ಡಣ್ಣ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಲು ಶುರುಮಾಡಿದ್ದಕ್ಕೆ ಲೋಕಕ್ಕೆ ಕೊಟ್ಟ ಕಾರಣಗಳು ಒಟ್ಟು ಹನ್ನೊಂದು. ಹನ್ನೊಂದನ್ನೂ ಕೇಳಿದವರು ತಲೆದೂಗಿದರು, ಒಬ್ಬರಂತೂ ಬರೆದಿಟ್ಟುಕೊಂಡರು. ಹನ್ನೆರಡನೆಯದೊಂದಿತ್ತು. ಅದೇ ನಿಜವಾದದ್ದು. ಅದನ್ನು ಮಾತ್ರ ಆ ಮಹಾನುಭಾವ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹಾಗಂತ ಬಚ್ಚಿಟ್ಟಿದ್ದ ಎಂದೂ ಹೇಳುವಂತಿಲ್ಲ. ಅದು ಶಾಲೆಯ ಗೇಟಿನ ಮೇಲೆ, ಒಂದೂವರೆ ಅಡಿ ಎತ್ತರದ ನೀಲಿ ಅಕ್ಷರಗಳಲ್ಲಿ, ಆರು ವರ್ಷದಿಂದ ಊರಿಗೆಲ್ಲ ಕಾಣುವಂತೆ ನಿಂತಿತ್ತು.

ಬೋರ್ಡಣ್ಣ ಬೋರ್ಡು ಬರೆಯುವವನು. ಊರಲ್ಲಿ ನೀವು ತಲೆ ಎತ್ತಿ ಏನು ಓದಿದರೂ ಅದು ಅವನ ಕೈಯದೇ. ದಾರಕ್ಕೆ ಸೀಮೆಸುಣ್ಣ ತೀಡಿ, ಎರಡು ಕಡೆ ಬಿಗಿಹಿಡಿದು, ಪಟ್ ಎಂದು ಬಿಟ್ಟು ಗೆರೆ ಹಾಕಿದನೆಂದರೆ ಆ ಗೆರೆಯ ಮೇಲೆ ಅಕ್ಷರಗಳು ಮದುವಣಗಿತ್ತಿಯರ ಹಾಗೆ ಬಂದು ಕೂರುತ್ತಿದ್ದವು. "ಈ ಊರಿಗೆ ಅಕ್ಷರ ಕಲಿಸಿದ್ದು ಶಾಲೆ ಅಲ್ಲ, ನಾನು" ಎಂದು ಅವನು ಟೀ ಅಂಗಡಿಯಲ್ಲಿ ಆಗಾಗ ಹೇಳುವುದಿತ್ತು. ಯಾರೂ ಎದುರಾಡುತ್ತಿರಲಿಲ್ಲ, ಟೀ ಅಂಗಡಿಯ ಬೋರ್ಡೂ ಅವನದೇ.

ಆದರೆ ಅವನಿಗೊಂದು ಸ್ವಂತ ಸಿದ್ಧಾಂತವಿತ್ತು. ಅಲ್ಪಪ್ರಾಣ, ಮಹಾಪ್ರಾಣ ಎಂದು ವ್ಯಾಕರಣದವರು ಹೇಳುವುದನ್ನು ಅವನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದ. ಸಣ್ಣ ಮಾತಿಗೆ ಗೀಟು ಬೇಡ, ದೊಡ್ಡ ಮಾತಿಗೆ ಗೀಟು ಬೇಕು. ದನ, ದಾರ, ದೋಣಿ ಇವೆಲ್ಲ ಬಡಪಾಯಿಗಳು, ಬರೀ ದ ಸಾಕು. ಅದೇ ವಿದ್ಯೆಯಂಥ ಘನವಾದ ಮಾತಿನಲ್ಲಿ ದ ಬಂದರೆ ಅದರ ಕೆಳಗೊಂದು ಗೀಟು ಎಳೆದು ಧ ಮಾಡದಿದ್ದರೆ ಮರ್ಯಾದೆಯೇ? ಆ ಗೀಟು ಎಳೆಯುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಹಾಗೆ ಉಸಿರು ಬಿಗಿಹಿಡಿದು ಎಳೆದ ಗೀಟುಗಳು ಊರ ತುಂಬಾ ಇದ್ದವು. ಶಾಲೆಯ ಗೇಟಿನ ಮೇಲೆ 'ವಿಧ್ಯಾಲಯ' ಎಂದಿತ್ತು. ಆರು ವರ್ಷ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ಶಾಲೆಯ ಬೋರ್ಡಿನ ಮೇಲೆ ಏನಿರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತು, ಓದುವವರು ಯಾರು?

ಓದಿದವಳು ಅವನ ದೊಡ್ಡ ಮಗಳು ಪುಟ್ಟಿ, ಮೂರನೇ ಕ್ಲಾಸು. ದಾರಿಯಲ್ಲಿ ಕಾಣುವ ಬೋರ್ಡುಗಳಿಂದ ಹತ್ತು ಪದ ಬರೆದುಕೊಂಡು ಬನ್ನಿ ಎಂದು ಮಿಸ್ಸು ಹೇಳಿದ್ದರು. ಉಳಿದ ಮಕ್ಕಳು ಅಲ್ಲಿ ಇಲ್ಲಿ ಬರೆದುಕೊಂಡರೆ ಪುಟ್ಟಿ ಅಭಿಮಾನದಿಂದ ಅಪ್ಪನ ಬೋರ್ಡುಗಳನ್ನೇ ಆರಿಸಿಕೊಂಡಳು. ಮಾರನೆಯ ಸಂಜೆ ಅವಳು ನೋಟ್‌ಬುಕ್ ತಂದು ಅಪ್ಪನ ಮುಂದೆ ಹಿಡಿದಳು. ಒಂಬತ್ತು ಪದ ಸರಿ. ಮೊದಲನೆಯದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ತಪ್ಪು. ವಿದ್ಯಾಲಯ. ಹತ್ತು ಸಲ ಬರಿ' ಎಂದು ಬರೆದಿತ್ತು.

"ಅಪ್ಪಾ, ಮಿಸ್ಸು ತಪ್ಪು ಹಾಕಿದ್ದಾರೆ. ನಾನು ನೋಡ್ಕೊಂಡೇ ಬರೆದಿದ್ದು. ಗೇಟಿನ ಮೇಲೆ ನೀನೇ ಬರೆದಿದ್ದಲ್ವಾ?"

ಬೋರ್ಡಣ್ಣ ನೋಡಿದ. ಮತ್ತೊಮ್ಮೆ ನೋಡಿದ. ಅಂಗಾಲಿನಿಂದ ಶುರುವಾಗಿ ಕಿವಿಯವರೆಗೆ ಏನೋ ಬಿಸಿಬಿಸಿಯಾಗಿ ಏರಿತು. ಗೇಟಿನದೊಂದೇ ಅಲ್ಲ, 'ವೈಧ್ಯರು' ನೆನಪಾಯಿತು, 'ವಿಧ್ಯುತ್ ಕಚೇರಿ' ನೆನಪಾಯಿತು, ಕೆರೆಯ ದಂಡೆಯ 'ವಿಧ್ಯಾರ್ಥಿ ನಿಲಯ' ನೆನಪಾಯಿತು. ಆಗ ಅವನು ಒಂದು ಮಾತು ಹೇಳಿದ. ಆ ಮಾತು ಬಾಯಿಂದ ಹೊರಗೆ ಬೀಳುವಾಗಲೇ ಅದು ಹೊಲಸು ಸುಳ್ಳೆಂದು ಅವನಿಗೆ ಗೊತ್ತಿತ್ತು.

"ನೀನು ಬರೆದಿದ್ದೇ ಸರಿ ಕಣಮ್ಮ. ನಿಮ್ಮ ಮಿಸ್ಸಿಗೇ ಗೊತ್ತಿಲ್ಲ."

ಪುಟ್ಟಿಯ ಮುಖ ಅರಳಿತು. "ಹಾಗಾದ್ರೆ ನಾಳೆ ಮಿಸ್ಸನ್ನ ಗೇಟಿನ ಹತ್ರ ಕರ್ಕೊಂಡು ಹೋಗಿ ತೋರಿಸ್ತೀನಿ!"

"ನಾಳೆ ಶಾಲೆ ಬೇಡ."

"ಯಾಕಪ್ಪಾ?"

"ಯಾಕೆ ಅಂದ್ರೆ..." ಬೋರ್ಡಣ್ಣ ಸುತ್ತ ನೋಡಿದ. ಮೂಲೆಯಲ್ಲಿ ಬ್ಯಾಗು ಕಂಡಿತು. "ಬ್ಯಾಗು ಭಾರ. ಬೆನ್ನು ಬಗ್ಗುತ್ತೆ."

ಕಾರಣಗಳ ಪೈಕಿ ಮೊದಲನೆಯದು ಹೀಗೆ ಹುಟ್ಟಿತು. ಒಂದನೇ ಕ್ಲಾಸಿನ ಚಿಕ್ಕ ಮಗಳು ಗುಬ್ಬಿ ತಕ್ಷಣ ತನ್ನ ಬೆನ್ನೂ ಬಗ್ಗಿದೆ ಎಂದು ಬಗ್ಗಿ ತೋರಿಸಿದಳು. ಅವಳನ್ನೂ ಬಿಡಿಸಿದ್ದಾಯಿತು.

ಬೋರ್ಡಣ್ಣನ ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಇಡೀ ದಿನ ಡಾಕ್ಟರುಗಳ ಕೈಬರಹ ಓದುವವಳಿಗೆ ಗಂಡನ ಮುಖ ಓದುವುದು ಎಷ್ಟರ ಕೆಲಸ! ನಾಲ್ಕನೇ ದಿನವೂ ಮಕ್ಕಳು ಮನೆಯಲ್ಲೇ ಇದ್ದದ್ದು ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ರೀ ಇದು?"

"ಇನ್ಮೇಲೆ ಮನೇಲೇ ಪಾಠ. ನಾನೇ ಹೇಳ್ಕೊಡ್ತೀನಿ."

"ನೀವಾ?"

ಆ 'ನೀವಾ' ಎರಡೇ ಅಕ್ಷರದ್ದು, ಆದರೆ ಅದರಲ್ಲಿ ಹದಿಮೂರು ವರ್ಷದ ಸಂಸಾರವಿತ್ತು. ಬೋರ್ಡಣ್ಣ ಎರಡನೆಯ ಕಾರಣವನ್ನೂ ಮೂರನೆಯ ಕಾರಣವನ್ನೂ ಒಟ್ಟಿಗೇ ಹೇಳಿದ. ಶಾಲೆಯಲ್ಲಿ ಗಾಳಿ ಸಾಲದು, ಬೆಂಚು ಗಟ್ಟಿ.

"ಇವು ಕಾರಣ ಅಲ್ಲ ಕಣ್ರೀ. ನಿಜ ಏನಿದ್ರೂ ಹೇಳಿ."

"ನಿಜಾನೇ ಹೇಳ್ತಿರೋದು. ಬೇಕಾದ್ರೆ ಹೋಗಿ ಕೂತು ನೋಡು, ಎಷ್ಟು ಗಟ್ಟಿ ಅಂತ."

"ಈ ತಿಂಗಳು ನೋಡ್ತೀನಿ. ಆಮೇಲೂ ನೀವು ಹೇಳ್ಲಿಲ್ಲ ಅಂದ್ರೆ ನಾನೇ ಕೈ ಹಿಡ್ಕೊಂಡು ಇಬ್ಬರನ್ನೂ ಬಿಟ್ಟು ಬರ್ತೀನಿ" ಎಂದು ಅವಳು ಒಳಗೆ ಹೋದಳು.

ವಿಷಯ ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಆದರೆ ಮಹಡಿಯ ಮೇಲೆ ನಿವೃತ್ತ ಹೆಡ್‌ಕ್ಲರ್ಕರಿದ್ದರು. ಮೂವತ್ತೈದು ವರ್ಷ ಪತ್ರ ಬರೆದ ಕೈ ಅದು, ನಿವೃತ್ತಿಯಾದ ಮೇಲೆ ಬರೆಯಲು ವಿಷಯವಿಲ್ಲದೆ ತುರಿಸುತ್ತಿತ್ತು. ಮಕ್ಕಳು ಮನೆಯಲ್ಲಿರುವುದನ್ನು ಕಂಡು ಅವರು ಕೆಳಗಿಳಿದು ಬಂದರು.

"ಏನಪ್ಪಾ ಬೋರ್ಡಣ್ಣ, ಹುಷಾರಿಲ್ವಾ ಮಕ್ಕಳಿಗೆ?"

"ಹುಷಾರಾಗೇ ಇರ್ಲಿ ಅಂತಾನೇ ಬಿಡಿಸಿದ್ದು ಸಾರ್."

ತಪ್ಪಿಸಿಕೊಳ್ಳಲು ಆಡಿದ ಮಾತು. ಹೆಡ್‌ಕ್ಲರ್ಕರು ಅದನ್ನು ಹಿಡಿದುಕೊಂಡು ಅಲ್ಲೇ ಕುರ್ಚಿ ಎಳೆದು ಕೂತರು. "ಆಹಾ! ಇನ್ನೊಂದ್ಸಲ ಹೇಳು, ಬರ್ಕೋತೀನಿ." ಕಾಗದ ಬಂತು, ಪೆನ್ನು ಬಂತು. ಕೇಳುವವರು ಹಾಗೆ ಬಾಯಿ ತೆರೆದು ಕೂತರೆ ಹೇಳುವವನಿಗೂ ಒಂದು ಹುರುಪು ಬರುತ್ತದಲ್ಲ! ಗಂಟೆ ಬಾರಿಸಿದಾಗೆಲ್ಲ ಮಕ್ಕಳ ಆಲೋಚನೆ ಅರ್ಧಕ್ಕೆ ತುಂಡಾಗುತ್ತದೆ ಎಂದ ಬೋರ್ಡಣ್ಣ. ಸಾಲಿನಲ್ಲಿ ನಿಲ್ಲಿಸಿದರೆ ಮುಂದಿನವರ ಕತ್ತು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದ. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸಿದರೆ ಕಣ್ಣಿಗೆ ಬಣ್ಣದ ಜ್ಞಾನ ಹೋಗುತ್ತದೆ, ಇದು ಬಣ್ಣದ ಕೆಲಸದವನಾಗಿ ತನಗೆ ಗೊತ್ತು ಎಂದ. ಏಳು, ಎಂಟು, ಒಂಬತ್ತು ಎಂದು ಹೆಡ್‌ಕ್ಲರ್ಕರು ನಂಬರು ಹಾಕುತ್ತಾ ಹೋದರು. ಅವರ ಕಣ್ಣಲ್ಲಿ ನೀರು ನಿಂತಿತ್ತು. ಬೋರ್ಡಣ್ಣನಿಗೆ ಒಂದು ಕ್ಷಣ, ಒಂದೇ ಕ್ಷಣ, ತಾನು ನಿಜವಾಗಿಯೂ ಇದಕ್ಕೇ ಬಿಡಿಸಿದ್ದು ಎನಿಸಿತು. ಆಮೇಲೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪುಟ್ಟಿಯನ್ನು ನೋಡಿ ಕಣ್ಣು ಕೆಳಗೆ ಹಾಕಿದ.

ಪಾಠವೇನೋ ನಡೆಯಿತು. ಮಗ್ಗಿಯನ್ನು ಬಣ್ಣದ ಡಬ್ಬಗಳಿಂದ, ನೇರ ಗೆರೆಯನ್ನು ಸುಣ್ಣದ ದಾರದಿಂದ ಕಲಿಸಿದ. ಆದರೆ ಪಾಠದಲ್ಲಿ ಒಂದು ಜಾತಿಯ ಪದಗಳಿಗೆ ಪ್ರವೇಶವಿರಲಿಲ್ಲ. ವಿದ್ಯುತ್ ಬಂದ ಕಡೆ ಕರೆಂಟು ಎಂದ. ವೈದ್ಯರು ಬಂದರೆ ಡಾಕ್ಟರು ಎಂದ. ವಿದ್ಯಾರ್ಥಿ ಎಂಬಲ್ಲಿ ಕೆಮ್ಮಿ, 'ಓದೋ ಮಕ್ಕಳು' ಎಂದ. ಸಂಜೆ ಮಕ್ಕಳನ್ನು ತಿರುಗಾಡಲು ಕರೆದುಕೊಂಡು ಹೋಗುವಾಗಲೂ ಅಷ್ಟೇ, ದೊಡ್ಡ ರಸ್ತೆ ಬಿಟ್ಟು ಹಿತ್ತಲ ಗಲ್ಲಿಗಳಲ್ಲಿ, ಒಣಹಾಕಿದ ಬಟ್ಟೆಗಳ ಕೆಳಗೆ ಬಗ್ಗಿಕೊಂಡು ನಡೆಸಿದ. "ಅಪ್ಪಾ, ಈ ದಾರೀಲಿ ಬೋರ್ಡೇ ಇಲ್ವಲ್ಲ" ಎಂದಳು ಗುಬ್ಬಿ. "ಸುಮ್ನೆ ನಡಿಯೇ" ಎಂದಳು ಪುಟ್ಟಿ.

ಎರಡನೇ ವಾರ ಹೆಡ್‌ಮಿಸ್ಸು ಮನೆಗೇ ಬಂದರು, ಜೊತೆಯಲ್ಲಿ ಪುಟ್ಟಿಯ ಮಿಸ್ಸು. ಚಿಕ್ಕ ವಯಸ್ಸಿನ ಹೆಂಗಸು ಪಾಪ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕೂತವರೇ ಸೆರಗಿನ ತುದಿ ಹಿಡಿದುಕೊಂಡು ಕೇಳಿದರು.

"ನಾನು ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಕ್ಕೆ ತಾನೇ ಸಾರ್? ಮಗು ಮನಸ್ಸಿಗೆ ನೋವಾಯ್ತೇನೋ. ನಂದೇ ತಪ್ಪು. ಕ್ಷಮಿಸಿಬಿಡಿ."

ತಪ್ಪನ್ನು ತಪ್ಪೆಂದು ಬರೆದವರು, ತಪ್ಪು ಬರೆದವನ ಮನೆಗೆ ಬಂದು ಕ್ಷಮೆ ಕೇಳುತ್ತಿದ್ದರು. ಬೋರ್ಡಣ್ಣನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ನೆಲ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ. "ಛೆ ಛೆ, ಅದೆಲ್ಲ ಏನಿಲ್ಲ ಮೇಡಂ" ಎಂದಷ್ಟೇ ಗೊಣಗಿದ.

"ಇವತ್ತಿಂದಾನೇ ನಮ್ಮ ಶಾಲೇಲಿ ಕೆಂಪು ಪೆನ್ನು ನಿಲ್ಲಿಸಿದ್ದೀವಿ, ಎಲ್ಲರೂ ಹಸಿರು" ಎಂದರು ಹೆಡ್‌ಮಿಸ್ಸು. "ನೀವು ನಮಗೆ ಹೊರಗಿನವರಲ್ಲ. ದಿನಾ ಬೆಳಿಗ್ಗೆ ಗೇಟು ದಾಟುವಾಗ ನಿಮ್ಮ ಅಕ್ಷರ ನೋಡ್ಕೊಂಡೇ ಒಳಗೆ ಹೋಗೋದು."

"ನೋಡ್ಬೇಡಿ!" ಎಂದ ಬೋರ್ಡಣ್ಣ.

ಎಲ್ಲರೂ ಅವನನ್ನೇ ನೋಡಿದರು. "ಅಂದ್ರೆ... ಬಿಸಿಲು. ತಲೆ ಎತ್ತಿದ್ರೆ ಕಣ್ಣಿಗೆ ಬಿಸಿಲು ಹೊಡೆಯುತ್ತೆ. ಮಕ್ಕಳಿಗೂ." ಮಹಡಿಯ ಮೆಟ್ಟಿಲಲ್ಲಿ ಕೂತಿದ್ದ ಹೆಡ್‌ಕ್ಲರ್ಕರು ಅದನ್ನು ಹತ್ತನೆಯದೆಂದು ಬರೆದುಕೊಂಡರು.

ಈ ಅವಸ್ಥೆಗೆ ಮದ್ದು ಒಂದೇ ಇತ್ತು. ಒಂದು ಗೀಟು ತಾನೇ? ಬ್ಲೇಡಿನಲ್ಲಿ ಕೆರೆದರೆ ಎರಡು ನಿಮಿಷ. ಗೀಟು ಹೋದ ಮೇಲೆ ಮಗಳು ಯಾರನ್ನು ಕರೆತಂದು ತೋರಿಸಿದರೇನು! ಭಾನುವಾರ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತಲ್ಲಿ, ಬೋರ್ಡಣ್ಣ ಏಣಿ ಹೊತ್ತು ಶಾಲೆಯ ಗೇಟಿಗೆ ಹೋದ. ಮೂರನೇ ಮೆಟ್ಟಿಲು ಹತ್ತಿದ್ದ ಅಷ್ಟೇ, ಕೆಳಗೆ ಯಾರೋ ಅವನ ಪ್ಯಾಂಟು ಹಿಡಿದರು. ವಾಚ್‌ಮನ್.

"ಯಾರಣ್ಣ ಏಣಿ ಹಾಕು ಅಂದಿದ್ದು? ಹೆಡ್‌ಮಿಸ್ಸು ಚೀಟಿ ಎಲ್ಲಿ?"

"ಚೀಟಿ ಯಾಕಪ್ಪ, ನಾನೇ ಬರೆದ ಬೋರ್ಡು. ಸ್ವಲ್ಪ ಕೆರೀಬೇಕು."

"ಕೆರೀಬೇಕಾ? ಮಕ್ಕಳನ್ನ ಬಿಡಿಸಿದ್ದು ಸಾಲ್ದು ಅಂತ ಶಾಲೆ ಹೆಸರನ್ನೇ ಕೆರೆದು ಹಾಕೋಕೆ ಬಂದ್ರಾ? ಇಳೀರಿ, ಮೊದ್ಲು ಇಳೀರಿ!"

ಸೋಮವಾರ ಬೆಳಗಾಗುವಷ್ಟರಲ್ಲಿ ಸುದ್ದಿಗೆ ಕೈಕಾಲು ಬಂದಿತ್ತು. ಬೋರ್ಡಣ್ಣ ಶಾಲೆಗಳನ್ನೇ ಇಲ್ಲವಾಗಿಸಲು ಹೊರಟಿದ್ದಾನೆ ಎಂದು ಒಂದು ಬೀದಿ ಹೇಳಿತು. ಅವನ ಅಕ್ಕ ಫೋನು ಮಾಡಿ, "ನಿಜ ಹೇಳೋ, ಹುಡುಗಿ ಫೇಲಾದ್ಲಾ?" ಎಂದು ಅತ್ತಳು. ಹೆಡ್‌ಕ್ಲರ್ಕರು ಮಾತ್ರ ಅವನ ಎರಡೂ ಕೈ ಹಿಡಿದು ಅಲುಗಿಸಿದರು. "ಒಬ್ಬನೇ ಏಣಿ ಹತ್ತಿದ್ಯಲ್ಲಪ್ಪಾ! ನಿನ್ನ ಕಾರಣಗಳನ್ನೆಲ್ಲ ಟೈಪ್ ಮಾಡಿಸಿ ವಿದ್ಯಾಧಿಕಾರಿಗಳಿಗೆ ಕಳಿಸಿದ್ದೀನಿ. ಹನ್ನೊಂದು ಅನ್ನೋದು ಗಟ್ಟಿ ಸಂಖ್ಯೆ, ಅದಕ್ಕೆ ಕೊನೇದೊಂದು ನಾನೇ ಸೇರಿಸ್ದೆ."

"ಏನಂತ?"

"ಸತ್ಯನಿಷ್ಠೆ. ಮಕ್ಕಳು ಸತ್ಯವನ್ನು ಮನೆಯಲ್ಲಿ ಮಾತ್ರ ಕಲಿಯಬಲ್ಲರು ಅಂತ."

ಬೋರ್ಡಣ್ಣ ಆ ದಿನ ಊಟ ಮಾಡಲಿಲ್ಲ.

ವಿದ್ಯಾಧಿಕಾರಿಗಳು ಬಂದದ್ದು ಒಂದು ಬುಧವಾರ, ಹೆಂಡತಿ ಕೊಟ್ಟ ತಿಂಗಳ ಗಡುವು ಮುಗಿಯಲು ಮೂರು ದಿನ ಇರುವಾಗ. ಸಣಕಲು ಮೈ, ದಪ್ಪ ಚೀಲ. ಟರ್ಪೆಂಟೈನ್ ವಾಸನೆಯ ಮುಂದಿನ ಕೋಣೆಯಲ್ಲಿ ಅವರಿಗೆ ಕುರ್ಚಿ ಹಾಕಿದ್ದಾಯಿತು. ಹೆಂಡತಿ ರಜೆ ಹಾಕಿ ಬಾಗಿಲಿಗೆ ಒರಗಿ ನಿಂತಿದ್ದಳು. ಹೆಡ್‌ಕ್ಲರ್ಕರು ಹನ್ನೊಂದೂ ಕಾರಣಗಳನ್ನು ನಿಂತುಕೊಂಡು ಓದಿದರು. 'ಸತ್ಯನಿಷ್ಠೆ' ಎಂಬಲ್ಲಿ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದರು.

"ಕಾರಣ ಸರಿ. ಮಗು ಏನು ಕಲಿತಿದೆ ನೋಡೋಣ" ಎಂದರು ಅಧಿಕಾರಿಗಳು. "ಹತ್ತು ಪದ ಹೇಳ್ತೀನಿ ಪುಟ್ಟಾ, ಬರಿ. ಆಕಾಶ. ಕುದುರೆ. ಔಷಧಿ. ಪ್ರಾರ್ಥನೆ..."

ಪುಟ್ಟಿ ಚಕಚಕನೆ ಬರೆದಳು. ಅಪ್ಪನ ಮಗಳು, ಅಕ್ಷರ ಮುತ್ತಿನಂತಿತ್ತು. ಒಂಬತ್ತಾಯಿತು.

"ಹತ್ತನೇದು, ವಿದ್ಯಾರ್ಥಿ."

ಪೆನ್ಸಿಲು ನಿಂತಿತು. ಪುಟ್ಟಿ ತಲೆ ಎತ್ತಿ ಅಪ್ಪನ ಮುಖ ನೋಡಿದಳು. ಬೋರ್ಡಣ್ಣ ಗೋಡೆಯ ಕಡೆ ನೋಡಿದ. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವಳು ತಲೆ ತಗ್ಗಿಸಿ, ನಿಧಾನವಾಗಿ ಬರೆದು, ಕೊನೆಯಲ್ಲಿ ಉಸಿರು ಬಿಗಿಹಿಡಿದು ಕೆಳಗೊಂದು ಗೀಟು ಎಳೆದಳು.

"ಭೇಷ್, ಒಂಬತ್ತು ಸರಿ" ಎಂದು ಅಧಿಕಾರಿಗಳು ಕೊನೆಯದಕ್ಕೆ ಸುತ್ತು ಹಾಕಿದರು. "ಇದೊಂದು ತಪ್ಪು. ಯಾರಮ್ಮ ಹೀಗೆ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಸಾರ್. ನಂಗೇ ಮರೆತುಹೋಯ್ತು."

"ಇರ್ಲಿ, ಇರ್ಲಿ." ಅವರು ವರದಿಗೆ ಸಹಿ ಹಾಕಿ, ಚೀಲದಿಂದ ಸೀಲು ತೆಗೆದು, ಬಾಯಿಂದ ಹಾ ಎಂದು ಬಿಸಿಯುಸಿರು ಕೊಟ್ಟು, ಟಪ್ಪನೆ ಒತ್ತಿದರು. ಹೆಡ್‌ಕ್ಲರ್ಕರಿಗೆ ಸೀಲು ಕಂಡರೆ ಓದದೆ ಇರಲಾಗದು, ಹಳೆಯ ಚಟ. ಬಗ್ಗಿ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಸಾರ್... ಇದರಲ್ಲಿ 'ವಿಧ್ಯಾಧಿಕಾರಿ' ಅಂತಿದೆಯಲ್ಲ?"

"ಹೌದು, ನಾನೇ."

"ಅಲ್ಲ ಸಾರ್. ಮೊದಲನೇದಕ್ಕೂ ಗೀಟಿದೆ."

ಅಧಿಕಾರಿಗಳು ಸೀಲನ್ನು ನೋಡಿದರು, ತಾವೇ ಹಾಕಿದ ಸುತ್ತನ್ನು ನೋಡಿದರು. ಕಿವಿ ಕೆಂಪಾಯಿತು. "ಇದು ಸೀಲು ಮಾಡಿದವನ ತಪ್ಪು! ಒಂಬತ್ತು ವರ್ಷದಿಂದ ಒತ್ತುತ್ತಾ ಇದ್ದೀನಿ. ಅವನನ್ನ ಕರೆಸ್ತೀನಿ. ಆಫೀಸಿನ ಬೋರ್ಡು ನೋಡ್ಕೊಂಡು ಮಾಡು ಅಂತ ಸ್ಪಷ್ಟವಾಗಿ ಹೇಳಿದ್ದೆ!"

ಆಫೀಸಿನ ಬೋರ್ಡು ಬರೆದವನು ಗೋಡೆಗೆ ಇನ್ನಷ್ಟು ಒತ್ತಿಕೊಂಡ.

ಆಗ ಮೂಲೆಯಿಂದ ಗುಬ್ಬಿ ಕಿರುಚಿದಳು. "ಅಕ್ಕ ಸುಳ್ಳು ಹೇಳ್ತಿದ್ದಾಳೆ! ಅವಳಿಗೆ ಮರೆತಿಲ್ಲ, ಗೊತ್ತು!" ಪುಟ್ಟಿ ಹಿಡಿಯುವಷ್ಟರಲ್ಲಿ ಅವಳು ಒಳಗೋಡಿ, ಹಾಸಿಗೆಯ ಕೆಳಗಿಂದ ನೋಟ್‌ಬುಕ್ ತಂದು ಅಪ್ಪನ ಕೈಗೇ ಇಟ್ಟಳು.

ಕೆಂಪು ಸುತ್ತಿನ ಹಾಳೆಯ ಹಿಂದೆ, ಅದೇ ದಿನದ ತಾರೀಖು ಹಾಕಿ, ವಿದ್ಯಾಲಯ, ವಿದ್ಯಾಲಯ, ವಿದ್ಯಾಲಯ ಎಂದು ಹತ್ತು ಸಲ ಬರೆದಿತ್ತು. ಒಂದಕ್ಕೂ ಗೀಟಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, 'ಪುಸ್ತಕದಲ್ಲೂ ಹೀಗೇ ಇದೆ. ಅಪ್ಪನಿಗೆ ತೋರಿಸಬಾರದು. ಮಿಸ್ಸಿಗೆ ಗೇಟು ತೋರಿಸಬಾರದು.'

ಬೋರ್ಡಣ್ಣ ಓದಿದ. ಅಂದರೆ ಮೊದಲ ದಿನ ಸಂಜೆಯೇ ಅವಳಿಗೆ ಗೊತ್ತಾಗಿತ್ತು. ಅಂದರೆ ಅವಳು ಯಾರನ್ನೂ ಗೇಟಿನ ಹತ್ತಿರ ಕರೆದುಕೊಂಡು ಹೋಗುತ್ತಲೇ ಇರಲಿಲ್ಲ. ಅಪ್ಪ ಅವಳಿಂದ ಬಚ್ಚಿಡುತ್ತಿದ್ದ, ಅವಳು ಅಪ್ಪನಿಗೋಸ್ಕರ ಬಚ್ಚಿಡುತ್ತಿದ್ದಳು. ಗಲ್ಲಿಗಳಲ್ಲಿ ಬಟ್ಟೆಯ ಕೆಳಗೆ ಬಗ್ಗಿ ಬಗ್ಗಿ ನಡೆದದ್ದು, ಗುಬ್ಬಿಯನ್ನು 'ಸುಮ್ನೆ ನಡಿಯೇ' ಎಂದು ಗದರಿದ್ದು, ಎಲ್ಲಾ ನೆನಪಾಯಿತು. ಸೀಲಿನ ತಪ್ಪನ್ನು ಸೀಲು ಮಾಡಿದವನ ತಲೆಗೆ ಕಟ್ಟಿದ ದೊಡ್ಡವರೊಬ್ಬರು ಎದುರಿಗಿದ್ದರು, ಅಪ್ಪನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡ ಎಂಟು ವರ್ಷದವಳು ಪಕ್ಕದಲ್ಲಿದ್ದಳು. ಅವನಿಗೆ ನಾಚಿಕೆಯಾಯಿತು. ಜನ ನೋಡುತ್ತಾರೆಂಬ ನಾಚಿಕೆ ಅದಲ್ಲ, ಅದು ತಿಂಗಳಿಂದ ಇದ್ದೇ ಇತ್ತು. ಇದು ಬೇರೆ, ಅಳು ತರಿಸುವಂಥದ್ದು.

"ಹೆಡ್‌ಕ್ಲರ್ಕ್ ಸಾರ್, ಹನ್ನೆರಡನೇದು ಒಂದಿದೆ. ಬರ್ಕೊಳ್ಳಿ" ಎಂದ. "ಗೇಟಿನ ಮೇಲೆ ನಾನು ತಪ್ಪು ಬರ್ದಿದ್ದೆ. ಮಗಳಿಗೆ ಸಿಕ್ಕಿಬಿದ್ದೆ. ಮಿಸ್ಸಿಗೇ ಗೊತ್ತಿಲ್ಲ ಅಂತ ಅವಳಿಗೆ ಸುಳ್ಳು ಹೇಳ್ದೆ. ಅದು ಬಯಲಾಗುತ್ತೆ ಅಂತ ಶಾಲೆ ಬಿಡಿಸ್ದೆ. ಉಳಿದ ಹನ್ನೊಂದೂ ಸುಳ್ಳು. ಸಾರ್, ನಿಮ್ಮಾಫೀಸಿನ ಬೋರ್ಡೂ ನಂದೇ."

ಹೆಡ್‌ಕ್ಲರ್ಕರ ಪೆನ್ನಿನ ತುದಿಯಿಂದ ಶಾಯಿ ತೊಟ್ಟಿಕ್ಕಿತು. ಅಧಿಕಾರಿಗಳು ಸೀಲನ್ನು ಮೆಲ್ಲಗೆ ಚೀಲದೊಳಗೆ ಇಳಿಬಿಟ್ಟರು. ಹೆಂಡತಿ ಬಂದು ಅವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಓದಿದಳು. ಆಮೇಲೆ, "ಒಂದು ಗೀಟಿಗೆ ಇಷ್ಟೊಂದಾ ರೀ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಬೋರ್ಡಣ್ಣ ಏಣಿ ಹೊತ್ತು ಹೊರಟ. ಮಕ್ಕಳು ಬ್ಯಾಗು ಹೊತ್ತು ಹಿಂದೆ. ಜನ ಇಲ್ಲದ ಹೊತ್ತು ನೋಡಿ ಹೋಗಲಿಲ್ಲ, ಶಾಲೆಯ ಮಕ್ಕಳೆಲ್ಲ ಗೇಟಿನ ಹೊರಗಿನ ಅಂಗಳದಲ್ಲಿ ಸಾಲಾಗಿ ನಿಲ್ಲುವ ಹೊತ್ತಿಗೇ ಹೋದ. ಮೊದಲು ಪುಟ್ಟಿಯ ಮಿಸ್ಸಿನ ಮುಂದೆ ನಿಂತು, "ನೀವು ಹಾಕಿದ ಸುತ್ತು ಸರಿ ಇತ್ತು ಮೇಡಂ. ಕ್ಷಮೆ ನಾನು ಕೇಳಬೇಕು. ದಯವಿಟ್ಟು ಕೆಂಪು ಪೆನ್ನೇ ಇಟ್ಕೊಳ್ಳಿ" ಎಂದ. ಅವರಿಗೆ ಅರ್ಥವಾಗಲಿಲ್ಲ. ಬೆರಳೆತ್ತಿ ಬೋರ್ಡು ತೋರಿಸಿದ. ಅರ್ಥವಾಯಿತು. ಹೆಡ್‌ಮಿಸ್ಸು ತಲೆ ಎತ್ತಿ ನೋಡಿ, ಆರು ವರ್ಷ ನೋಡಿದ್ದನ್ನು ಮೊದಲ ಸಲ ಓದಿ, ಬಾಯಿಗೆ ಕೈ ಹಿಡಿದುಕೊಂಡರು. ಚೀಟಿ ಕೇಳದೆ ವಾಚ್‌ಮನ್ನೇ ಏಣಿ ಹಿಡಿದ.

ಇನ್ನೂರು ಮಕ್ಕಳು ಕತ್ತೆತ್ತಿ ನಿಂತಿದ್ದರು. ಮುಂದಿನವರ ಕತ್ತು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದಿದ್ದನಲ್ಲ, ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಬ್ಲೇಡು ಕರಕರ ಎಂದಿತು. ಎರಡು ನಿಮಿಷದ ಕೆಲಸ ಎಂದುಕೊಂಡಿದ್ದು ಕಾಲು ಗಂಟೆ ಹಿಡಿಯಿತು, ಅವನು ಬಣ್ಣ ಅಷ್ಟು ಗಟ್ಟಿಯಾಗಿ ಹಾಕಿದ್ದ. ಗೀಟೇನೋ ಹೋಯಿತು. ಆದರೆ ಬೋರ್ಡಿನ ಹಳದಿ ಆರು ವರ್ಷದ ಬಿಸಿಲಿಗೆ ಮಾಸಿತ್ತು, ಗೀಟಿನ ಅಡಿಯದು ಮಾತ್ರ ಹೊಸದರಂತೆ ಉಳಿದಿತ್ತು. ನೀಲಿ ಗೀಟು ಇದ್ದ ಕಡೆ ಈಗ ಪಳಪಳ ಹಳದಿ ಗೀಟು. ಮೊದಲು ಯಾರಿಗೂ ಕಾಣದಿದ್ದದ್ದು ಈಗ ಬೀದಿಯ ಆ ತುದಿಗೂ ಕಾಣುವಂತಾಯಿತು.

ಬೋರ್ಡಣ್ಣ ಅಂಗೈಯಿಂದ ಉಜ್ಜಿ ನೋಡಿದ, ಇನ್ನಷ್ಟು ಹೊಳೆಯಿತು. ಇದನ್ನು ಮುಚ್ಚಬೇಕಾದರೆ ಇಡೀ ಬೋರ್ಡಿಗೆ ಬಣ್ಣ ಬಳಿಯಬೇಕು. ಕೆಳಗೆ ಯಾವುದೋ ಮಗು ಕೇಳುವುದು ಕೇಳಿಸಿತು. "ಅಲ್ಲಿ ಅದೇನೇ, ಹಳದಿ ಹಳದಿ?"

ಮೊದಲಾದರೆ 'ಅದು ನಮ್ಮಪ್ಪ ಬರೆದಿದ್ದು' ಎಂದು ಜಂಬ ಕೊಚ್ಚುವವಳು ಪುಟ್ಟಿ. ಬೋರ್ಡಣ್ಣ ಏಣಿಯ ಮೇಲೆ ಕಣ್ಣು ಮುಚ್ಚಿಕೊಂಡ.

"ಅದಾ?" ಎಂದಳು ಪುಟ್ಟಿ, ಅದೇ ಜಂಬದ ದನಿಯಲ್ಲಿ, ಇಡೀ ಅಂಗಳಕ್ಕೆ ಕೇಳುವ ಹಾಗೆ. "ಅದು ನಮ್ಮಪ್ಪ ತಿದ್ದಿದ್ದು."

ಬೋರ್ಡಣ್ಣ ಕೆಳಗಿಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ಕಣ್ಣು ಮಂಜಾಗಿದ್ದರೆ ಏಣಿಯ ಮೆಟ್ಟಿಲು ಕಾಣುವುದಿಲ್ಲ ನೋಡಿ.